ಕರಗದೆ ಉಳಿದ ಬೆಳ್ಳಿ ಡಾಲರ್‌ಗಳು

ಅಮೆರಿಕದ ಹಳೆಯ ಬೆಳ್ಳಿ ಡಾಲರ್ ಅಂಗೈಯ ಗುಳಿಯನ್ನು ತುಂಬುವಷ್ಟು ದೊಡ್ಡ ನಾಣ್ಯ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಚ್ಚಾದ ಡಾಲರ್ 38.1 ಮಿಲಿಮೀಟರ್ ಅಗಲ, 26.73 ಗ್ರಾಂ ತೂಕ ಇರುತ್ತದೆ. ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಜನರ ಕೈಗೆ ಹೋಗಲೆಂದು ಈ ನಾಣ್ಯವನ್ನು ಅಚ್ಚು ಹಾಕಿದ್ದು 1794ರಿಂದ 1935ರವರೆಗೆ, ಅದೂ ನಡುವೆ ಹಲವು ದೀರ್ಘ ಬಿಡುವುಗಳೊಂದಿಗೆ. ಸಂಗ್ರಾಹಕರಿಗೆ ಅತ್ಯಂತ ಪರಿಚಿತವಾದ ಮಾರ್ಗನ್ ಡಾಲರ್ ಒಂದೇ 65 ಕೋಟಿಯಷ್ಟು ಅಚ್ಚಾಯಿತು. ಅದರ ನಂತರ ಬಂದ ಪೀಸ್ ಡಾಲರ್ ಸುಮಾರು 19 ಕೋಟಿ. ಇಷ್ಟು ಹೇರಳವಾಗಿದ್ದ ನಾಣ್ಯದಲ್ಲಿ ಕೆಲವು ಬಿಡಿಗಳು ಲಕ್ಷಾಂತರ ಡಾಲರ್‌ಗೆ ಹರಾಜಾಗುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ.

ಇದಕ್ಕೆ ಉತ್ತರ ಟಂಕಸಾಲೆಯ ಕಡತದಲ್ಲಿ ಅರ್ಧ ಮಾತ್ರ ಸಿಗುತ್ತದೆ. ಯಾವ ವರ್ಷ ಎಷ್ಟು ಅಚ್ಚಾಯಿತು ಎಂಬ ಲೆಕ್ಕ ಅಲ್ಲಿದೆ. ಎಷ್ಟು ಉಳಿಯಿತು ಎಂಬ ಲೆಕ್ಕ ಎಲ್ಲಿಯೂ ಬರೆದಿಲ್ಲ. ಸರ್ಕಾರ ತಾನೇ ಅಚ್ಚು ಹಾಕಿದ ಡಾಲರ್‌ಗಳನ್ನು ತಾನೇ ಕೋಟಿಗಟ್ಟಲೆ ಕರಗಿಸಿತು. ಕರಗಿಸುವಾಗ ಇಸವಿ ನೋಡಿ ಎತ್ತಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಬೆಳ್ಳಿ ಡಾಲರ್ ಸಂಗ್ರಹದ ಕುತೂಹಲವೆಲ್ಲ ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿದೆ. ಆ ಅಂತರವನ್ನು ಹಿಗ್ಗಿಸಿದ ದೊಡ್ಡ ಕಾರಣಗಳಲ್ಲಿ ಭಾರತವೂ ಒಂದು.

ಡಾಲರ್ ಹುಟ್ಟಿದ್ದು ಎರವಲಾಗಿ. ಸ್ವಾತಂತ್ರ್ಯ ಪಡೆದ ಹೊಸತರಲ್ಲಿ ಅಮೆರಿಕದ ಪೇಟೆಗಳಲ್ಲಿ ನಡೆಯುತ್ತಿದ್ದದ್ದು ಮೆಕ್ಸಿಕೊ, ಪೆರುಗಳ ಗಣಿಬೆಳ್ಳಿಯಿಂದ ಅಚ್ಚಾದ ಸ್ಪೇನಿನ ಡಾಲರ್. 1792ರ ಏಪ್ರಿಲ್ 2ರ ನಾಣ್ಯ ಕಾಯ್ದೆ ಅದನ್ನೇ ಮಾದರಿಯಾಗಿ ಹಿಡಿದು ಹೊಸ ದೇಶದ ಡಾಲರ್‌ನಲ್ಲಿ 371.25 ಗ್ರೇನ್ ಶುದ್ಧ ಬೆಳ್ಳಿ ಇರಬೇಕೆಂದು ಗೊತ್ತುಮಾಡಿತು. ಇಂದಿನ ಅಳತೆಯಲ್ಲಿ ಅದು 24 ಗ್ರಾಂಗಿಂತ ಚೂರು ಹೆಚ್ಚು. ಬೆರಕೆಯ ಪ್ರಮಾಣ 1837ರಲ್ಲಿ ಬದಲಾಯಿತು, ಒಟ್ಟು ತೂಕ 416ರಿಂದ 412.5 ಗ್ರೇನ್‌ಗೆ ಇಳಿಯಿತು. ಆದರೆ ಶುದ್ಧ ಬೆಳ್ಳಿಯ ಪ್ರಮಾಣ 1935ರವರೆಗೂ ಕದಲಲಿಲ್ಲ.

ಫಿಲಡೆಲ್ಫಿಯಾದ ಟಂಕಸಾಲೆ ಮೊದಲ ಡಾಲರ್‌ಗಳನ್ನು ಹೊರಗೆ ಕಳಿಸಿದ್ದು 1794ರ ಅಕ್ಟೋಬರ್ 15ರಂದು, ಕೇವಲ 1,758 ನಾಣ್ಯಗಳು. ಒಂದು ಬದಿಯಲ್ಲಿ ಕೂದಲು ಕೆದರಿಕೊಂಡ ಸ್ವಾತಂತ್ರ್ಯದೇವಿ, ಇನ್ನೊಂದು ಬದಿಯಲ್ಲಿ ಸಣಕಲು ಹದ್ದು. ರಾಬರ್ಟ್ ಸ್ಕಾಟ್ ಕೊರೆದ ಈ ಅಚ್ಚನ್ನು ಚೆನ್ನಾಗಿ ಒತ್ತಲು ಬೇಕಾದ ಬಲದ ಯಂತ್ರ ಆಗ ಅಲ್ಲಿರಲಿಲ್ಲ. ಹೀಗಾಗಿ ಉಳಿದಿರುವ ಹಲವು ನಾಣ್ಯಗಳ ಒಂದು ಅಂಚು ಮಸುಕಾಗಿದೆ. ಈ ಮೊದಲ ವರ್ಷದ ಅಚ್ಚುಗಳಲ್ಲಿ ಅತ್ಯುತ್ತಮ ಸ್ಥಿತಿಯದೊಂದು 2013ರ ಜನವರಿಯಲ್ಲಿ ಒಂದು ಕೋಟಿ ಡಾಲರ್ ದಾಟಿ ಮಾರಾಟವಾಯಿತು. ನಾಣ್ಯವೊಂದಕ್ಕೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು.

ಆ ಕಾಲದ ಡಾಲರ್‌ಗಳ ಮೈಮೇಲೆ ಸಮಾನಾಂತರ ಗೀರುಗಳು ಕಾಣುವುದುಂಟು. ತೂಕ ಹೆಚ್ಚಾದ ಬಿಲ್ಲೆಯನ್ನು ಅಚ್ಚಿಗೆ ಕೊಡುವ ಮೊದಲು ಅರದಿಂದ ಉಜ್ಜಿ ಸರಿತೂಗಿಸುತ್ತಿದ್ದರು. ತೂಕ ಕಡಿಮೆ ಬಿದ್ದರೆ ನಡುವೆ ಬೆಳ್ಳಿಯ ಸಣ್ಣ ತುಣುಕನ್ನು ಕೂರಿಸಿ ಒತ್ತುತ್ತಿದ್ದರು. 1795ರ ಕೆಲವು ಡಾಲರ್‌ಗಳಲ್ಲಿ ಈ ಬೆಸುಗೆಯ ವೃತ್ತ ಇಂದಿಗೂ ಕಾಣುತ್ತದೆ. ನಂತರದ ನಾಣ್ಯದ ಮೇಲೆ ಗೀರು ಬಿದ್ದರೆ ಬೆಲೆ ಇಳಿಯುತ್ತದೆ. ಇಲ್ಲಿ ಅದೇ ಗೀರು ಟಂಕಸಾಲೆಯ ಕೆಲಸದ ಸಾಕ್ಷಿಯಾಗಿ ಲೆಕ್ಕಕ್ಕೆ ಬರುತ್ತದೆ.

ಹೊಸ ಡಾಲರ್ ದೇಶದೊಳಗೆ ನಿಲ್ಲಲಿಲ್ಲ. ವೆಸ್ಟ್ ಇಂಡೀಸ್‌ನಲ್ಲಿ ಅದು ಸ್ಪೇನಿನ ಡಾಲರ್‌ಗೆ ಸಮನಾಗಿ ನಡೆಯುತ್ತಿತ್ತು. ಸ್ಪೇನಿನದರಲ್ಲಿ ಬೆಳ್ಳಿ ಸ್ವಲ್ಪ ಹೆಚ್ಚು. ವ್ಯಾಪಾರಿಗಳು ಅಮೆರಿಕದ ಹೊಸ ನಾಣ್ಯ ಕೊಟ್ಟು, ಅಲ್ಲಿಂದ ಸ್ಪೇನಿನ ನಾಣ್ಯ ತಂದು, ಟಂಕಸಾಲೆಗೆ ಒಪ್ಪಿಸಿ, ಮತ್ತೆ ಹೊಸ ಡಾಲರ್ ಪಡೆದು ಹಡಗು ಹತ್ತಿಸುತ್ತಿದ್ದರು. ಸರ್ಕಾರದ ಖರ್ಚಿನಲ್ಲಿ ನಡೆದ ಈ ಸುತ್ತಾಟಕ್ಕೆ ಕೊನೆ ಹಾಡಲು 1804ರಲ್ಲಿ ಡಾಲರ್ ಅಚ್ಚು ನಿಂತಿತು. 1806ರಲ್ಲಿ ಜೆಫರ್ಸನ್ ಆಡಳಿತ ಆ ನಿಲುಗಡೆಗೆ ಅಧಿಕೃತ ಆದೇಶ ಕೊಟ್ಟಿತು. ಸ್ಪೇನಿನ ಡಾಲರ್ ಮಾತ್ರ 1857ರವರೆಗೂ ಅಮೆರಿಕದಲ್ಲಿ ಕಾನೂನುಬದ್ಧ ಹಣವಾಗಿಯೇ ನಡೆಯಿತು.

ಈ ಬಿಡುವಿನಲ್ಲೇ ಅಮೆರಿಕದ ನಾಣ್ಯಲೋಕದ ಅತಿ ಪ್ರಸಿದ್ಧ ತಮಾಷೆಯೊಂದು ಹುಟ್ಟಿತು. 1804ರಲ್ಲಿ 19,570 ಡಾಲರ್ ಅಚ್ಚಾದವೆಂದು ಕಡತ ಹೇಳುತ್ತದೆ. ಅವೆಲ್ಲ 1803 ಅಥವಾ ಅದಕ್ಕೂ ಹಿಂದಿನ ಇಸವಿಯ ಹಳೆ ಅಚ್ಚಿನಿಂದ ಬಂದವು. 1804 ಎಂದು ಇಸವಿ ಹೊತ್ತ ಡಾಲರ್ ಆ ವರ್ಷ ಒಂದೂ ಹುಟ್ಟಲಿಲ್ಲ. ಮೂವತ್ತು ವರ್ಷ ಕಳೆದು, 1834ರಲ್ಲಿ, ಏಷ್ಯಾದ ಅರಸರಿಗೆ ಉಡುಗೊರೆ ಕೊಡಲು ಅಮೆರಿಕದ ನಾಣ್ಯಗಳ ಪೂರ್ಣ ಕಟ್ಟುಗಳು ಬೇಕೆಂದು ವಿದೇಶಾಂಗ ಇಲಾಖೆ ಕೇಳಿತು. ಡಾಲರ್ ಕೊನೆಗೆ ಅಚ್ಚಾದದ್ದು 1804ರಲ್ಲಿ ಎಂದು ಕಡತ ನೋಡಿದ ಟಂಕಸಾಲೆಯವರು ಅದೇ ಇಸವಿ ಕೊರೆದು ಹೊಸ ನಾಣ್ಯಗಳನ್ನು ಒತ್ತಿದರು. ರಾಜತಾಂತ್ರಿಕ ಎಡ್ಮಂಡ್ ರಾಬರ್ಟ್ಸ್ 1835ರಲ್ಲಿ ಒಂದು ಕಟ್ಟನ್ನು ಮಸ್ಕತ್‌ನ ಸುಲ್ತಾನನಿಗೂ 1836ರಲ್ಲಿ ಇನ್ನೊಂದನ್ನು ಸಯಾಮಿನ ದೊರೆಗೂ ತಲುಪಿಸಿದ. ಮುಂದಿನ ಅರಸರನ್ನು ಕಾಣುವ ಮೊದಲೇ ಮಕಾವ್‌ನಲ್ಲಿ ತೀರಿಕೊಂಡ.

1858ರ ಸುಮಾರಿಗೆ ಟಂಕಸಾಲೆಯ ಒಳಗಿನವರೇ ಸಂಗ್ರಾಹಕರ ಆಸೆಗಾಗಿ ಇನ್ನಷ್ಟು ‘1804’ ಡಾಲರ್‌ಗಳನ್ನು ಗುಟ್ಟಾಗಿ ಒತ್ತಿದರು. ಅವುಗಳಲ್ಲಿ ಒಂದನ್ನು 1857ರ ಸ್ವಿಟ್ಜರ್ಲೆಂಡ್ ಬೆಳ್ಳಿ ನಾಣ್ಯದ ಮೇಲೆಯೇ ಅಚ್ಚು ಹಾಕಿದ್ದರು. ಅದು ಈಗ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಬಹುಕಾಲ ತಿಳಿದಿದ್ದದ್ದು ಒಟ್ಟು 15. ಮಸ್ಕತ್ ಸುಲ್ತಾನನಿಗೆ ಹೋದ ನಾಣ್ಯ 1999ರಲ್ಲಿ 41.4 ಲಕ್ಷ ಡಾಲರ್‌ಗೆ, 2021ರಲ್ಲಿ 76.8 ಲಕ್ಷ ಡಾಲರ್‌ಗೆ ಮಾರಾಟವಾಯಿತು. ತನ್ನ ಇಸವಿಯ ವರ್ಷ ಹುಟ್ಟೇ ಇರದ ನಾಣ್ಯಕ್ಕೆ ಅಮೆರಿಕದವರು ‘ನಾಣ್ಯಗಳ ರಾಜ’ ಎಂಬ ಬಿರುದು ಕೊಟ್ಟಿದ್ದಾರೆ.

ಡಾಲರ್ ಅಚ್ಚು 1836ರಲ್ಲಿ ಗೋಬ್ರೆಕ್ಟ್ ಡಾಲರ್‌ನೊಂದಿಗೆ ಮತ್ತೆ ಶುರುವಾಯಿತು. 1840ರಿಂದ 1873ರವರೆಗೆ ಬಂಡೆಯ ಮೇಲೆ ಕುಳಿತ ಸ್ವಾತಂತ್ರ್ಯದೇವಿಯ ಚಿತ್ರ ನಡೆಯಿತು. ಇವು ಮಿತವಾಗಿ ಅಚ್ಚಾದ, ಮಿತವಾಗಿ ಉಳಿದ ನಾಣ್ಯಗಳು. ಸಂಗ್ರಾಹಕರಲ್ಲಿ ಹೆಚ್ಚಿನವರು ಇವುಗಳಲ್ಲಿ ಒಂದೊಂದನ್ನು ಮಾದರಿಗೆಂದು ಇಟ್ಟುಕೊಂಡು ಮುಂದೆ ಹೋಗುತ್ತಾರೆ.

1873ರಿಂದ 1878ರವರೆಗೆ ಚೀನಾದ ವ್ಯಾಪಾರಕ್ಕೆಂದೇ ಬಂದ ಟ್ರೇಡ್ ಡಾಲರ್‌ನ ಜಾತಿಯೇ ಬೇರೆ. ಮೆಕ್ಸಿಕೊದ ಬೆಳ್ಳಿಯೊಂದಿಗೆ ಸ್ಪರ್ಧಿಸಲು ಅದರ ತೂಕವನ್ನು 420 ಗ್ರೇನ್‌ಗೆ ಏರಿಸಿದ್ದರು. ಚೀನಾದ ವರ್ತಕರು ತಾವು ಪರೀಕ್ಷಿಸಿದ ನಾಣ್ಯದ ಮೇಲೆ ತಮ್ಮ ಸಣ್ಣ ಮುದ್ರೆ ಹೊಡೆಯುತ್ತಿದ್ದರು. ನಮ್ಮ ಕಡೆಯ ಹಳೆಯ ರೂಪಾಯಿಗಳ ಮೇಲೆ ಶರಾಫರು ಹಾಕುತ್ತಿದ್ದ ಗುರುತೂ ಇದೇ ಕೆಲಸ ಮಾಡುತ್ತಿತ್ತು. ಒಂದು ಕಾಲಕ್ಕೆ ಇಂಥ ಮುದ್ರೆ ಬಿದ್ದ ಡಾಲರನ್ನು ಕೆಟ್ಟ ನಾಣ್ಯವೆಂದು ತಳ್ಳುತ್ತಿದ್ದರು. ಈಗ ಅದನ್ನೇ ಹುಡುಕುವವರಿದ್ದಾರೆ.

ಟ್ರೇಡ್ ಡಾಲರ್‌ಗೆ ದಾರಿ ಮಾಡಿದ 1873ರ ಕಾಯ್ದೆ ದೇಶದೊಳಗಿನ ಸಾಮಾನ್ಯ ಬೆಳ್ಳಿ ಡಾಲರನ್ನು ಪಟ್ಟಿಯಿಂದಲೇ ಕೈಬಿಟ್ಟಿತ್ತು. ಅದೇ ಹೊತ್ತಿಗೆ ನೆವಾಡಾದ ಕಾಮ್‌ಸ್ಟಾಕ್ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಬರುತ್ತಿತ್ತು. ಜರ್ಮನಿ ಚಿನ್ನಕ್ಕೆ ಹೊರಳಿ ತನ್ನ ಬೆಳ್ಳಿಯನ್ನು ಮಾರುಕಟ್ಟೆಗೆ ಸುರಿಯುತ್ತಿತ್ತು. ಬೆಲೆ ಬಿತ್ತು. ಗಣಿಯ ಒಡೆಯರೂ ಸಾಲದ ಭಾರದಲ್ಲಿದ್ದ ರೈತರೂ ಒಟ್ಟಾಗಿ ಬೆಳ್ಳಿಗೆ ಮತ್ತೆ ನಾಣ್ಯದ ಪಟ್ಟ ಬೇಕೆಂದು ಹಟ ಹಿಡಿದರು. ಅಧ್ಯಕ್ಷ ಹೇಸ್ ತಡೆದರೂ ಸಂಸತ್ತು 1878ರ ಫೆಬ್ರುವರಿ 28ರಂದು ಬ್ಲಾಂಡ್–ಆಲಿಸನ್ ಕಾಯ್ದೆಯನ್ನು ಜಾರಿಗೆ ತಂದಿತು. ಅದರಂತೆ ಖಜಾನೆ ತಿಂಗಳಿಗೆ 20ರಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿ ಕೊಂಡು ಡಾಲರ್ ಅಚ್ಚು ಹಾಕಲೇಬೇಕು. ಜನರಿಗೆ ನಾಣ್ಯ ಬೇಕಿತ್ತೇ ಎಂಬ ಪ್ರಶ್ನೆಯನ್ನು ಕಾಯ್ದೆ ಕೇಳಲಿಲ್ಲ.

ಹೀಗೆ ಹುಟ್ಟಿದ್ದು ಮಾರ್ಗನ್ ಡಾಲರ್. ಇಂಗ್ಲೆಂಡಿನಿಂದ 1876ರಲ್ಲಿ ಬಂದಿದ್ದ ಕೆತ್ತನೆಗಾರ ಜಾರ್ಜ್ ಟಿ. ಮಾರ್ಗನ್ ಅದರ ಮುಖವನ್ನು ಫಿಲಡೆಲ್ಫಿಯಾದ ಶಿಕ್ಷಕಿ ಆ್ಯನಾ ವಿಲ್ಲೆಸ್ ವಿಲಿಯಮ್ಸ್ ಅವರನ್ನು ಮುಂದಿಟ್ಟುಕೊಂಡು ರೂಪಿಸಿದ. ಮೊದಲ ನಾಣ್ಯ ಅಚ್ಚಾದದ್ದು 1878ರ ಮಾರ್ಚ್ 11ರಂದು. ಆರಂಭದಲ್ಲಿ ಹದ್ದಿನ ಬಾಲಕ್ಕೆ ಎಂಟು ಗರಿ ಇದ್ದವು. ತಕರಾರು ಬಂದು ಏಳಕ್ಕೆ ಇಳಿಸಿದರು. ಕೆಲವು ಹಳೆ ಅಚ್ಚುಗಳ ಮೇಲೆಯೇ ಹೊಸ ಚಿತ್ರವನ್ನು ಒತ್ತಿದ್ದರಿಂದ ಏಳು ಗರಿಗಳ ಅಡಿಯಲ್ಲಿ ಹಳೆಯವುಗಳ ತುದಿ ಇಣುಕುವ ನಾಣ್ಯಗಳೂ ಇವೆ. ಇಂಥ ಸೂಕ್ಷ್ಮ ವ್ಯತ್ಯಾಸಗಳನ್ನು ಲಿರಾಯ್ ವ್ಯಾನ್ ಆಲನ್ ಮತ್ತು ಜಾರ್ಜ್ ಮ್ಯಾಲಿಸ್ ಎಂಬಿಬ್ಬರು ಪಟ್ಟಿ ಮಾಡಿದರು. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿ ಅವಕ್ಕೆ ‘ವ್ಯಾಮ್’ ಸಂಖ್ಯೆ ಎನ್ನುತ್ತಾರೆ. ಭೂತಗನ್ನಡಿ ಹಿಡಿದು ಕೂತವರಿಗೆ ಅದೊಂದು ಬೇರೆಯೇ ಪ್ರಪಂಚ.

ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಗುರುತಿನ ಅಕ್ಷರದ ಮೇಲೆ. ಮಾರ್ಗನ್ ಡಾಲರ್‌ನ ಹಿಂಬದಿಯಲ್ಲಿ, ಎಲೆಮಾಲೆಯ ಕೆಳಗೆ, ಅಚ್ಚಾದ ಊರಿನ ಸಣ್ಣ ಅಕ್ಷರ ಇರುತ್ತದೆ. ‘ಎಸ್’ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ, ‘ಒ’ ಎಂದರೆ ನ್ಯೂ ಆರ್ಲಿಯನ್ಸ್, ‘ಸಿಸಿ’ ಎಂದರೆ ನೆವಾಡಾದ ಕಾರ್ಸನ್ ಸಿಟಿ. 1921ರಲ್ಲಿ ಮಾತ್ರ ಡೆನ್ವರ್‌ನ ‘ಡಿ’ ಸೇರಿತು. ಅಕ್ಷರ ಇಲ್ಲದಿದ್ದರೆ ಫಿಲಡೆಲ್ಫಿಯಾ. ಸ್ಯಾನ್ ಫ್ರಾನ್ಸಿಸ್ಕೊದ ಕೆಲಸ ಚುರುಕು, ಗೆರೆಗಳೆಲ್ಲ ಎದ್ದು ಕಾಣುತ್ತವೆ. ನ್ಯೂ ಆರ್ಲಿಯನ್ಸ್‌ನ ನಾಣ್ಯಗಳಲ್ಲಿ ಕಿವಿಯ ಮೇಲಿನ ಕೂದಲು ಎಷ್ಟೋ ಬಾರಿ ಚಪ್ಪಟೆ. ಕಾರ್ಸನ್ ಸಿಟಿಯದು ಗಣಿಯ ಪಕ್ಕದಲ್ಲೇ ಇದ್ದ ಸಣ್ಣ ಟಂಕಸಾಲೆ. ಅಚ್ಚು ಕಡಿಮೆ, ಕಾಡುಪಶ್ಚಿಮದ ಕಥೆಗಳ ಮೋಹ ಜಾಸ್ತಿ. ಆದ್ದರಿಂದ ಆ ಎರಡಕ್ಷರಕ್ಕೆ ಜನ ಹೆಚ್ಚುವರಿ ದುಡ್ಡು ತೆರುತ್ತಾರೆ.

ಅಚ್ಚಾದ ಡಾಲರ್‌ಗಳ ಪೈಕಿ ದೊಡ್ಡ ಪಾಲು ಬಳಕೆಗೆ ಬರಲೇ ಇಲ್ಲ. ಪೂರ್ವದ ರಾಜ್ಯಗಳವರಿಗೆ ಇಷ್ಟು ಭಾರದ ನಾಣ್ಯ ಬೇಡವಾಗಿತ್ತು, ಬೆಳ್ಳಿಯ ಭರವಸೆ ಬರೆದ ಕಾಗದದ ನೋಟು ಸಾಕಿತ್ತು. ಪಶ್ಚಿಮದ ಗಣಿಯೂರುಗಳಲ್ಲಿ ಮಾತ್ರ ಡಾಲರ್ ಜೇಬಿನಿಂದ ಜೇಬಿಗೆ ಓಡಾಡಿತು. ಉಳಿದವು ಸಾವಿರಕ್ಕೊಂದು ಚೀಲದಂತೆ ಕಟ್ಟಿ ಖಜಾನೆಯ ನೆಲಮಾಳಿಗೆ ಸೇರಿದವು. ಚೀಲವೊಂದರ ತೂಕ ಸುಮಾರು 27 ಕಿಲೊ. ಎತ್ತಿ ಎಸೆದಾಗಲೆಲ್ಲ ಒಳಗಿನ ನಾಣ್ಯಗಳು ಒಂದಕ್ಕೊಂದು ತಾಗಿ ಗೀರಿಕೊಳ್ಳುತ್ತಿದ್ದವು. ಯಾರೂ ಮುಟ್ಟದ ಡಾಲರ್‌ನ ಕೆನ್ನೆಯ ಮೇಲೂ ಗಾಯದ ಗುರುತು ಇರುವುದು ಈ ಕಾರಣಕ್ಕೆ.

1890ರ ಶರ್ಮನ್ ಕಾಯ್ದೆ ಸರ್ಕಾರದ ಬೆಳ್ಳಿ ಖರೀದಿಯನ್ನು ತಿಂಗಳಿಗೆ 45 ಲಕ್ಷ ಔನ್ಸ್‌ಗೆ ಏರಿಸಿತು. ಮೂರೇ ವರ್ಷಕ್ಕೆ ಅದು ಕುಸಿದು ಬೀಳಲು ಒಂದು ಪೆಟ್ಟು ಭಾರತದಿಂದ ಬಿತ್ತು. ಅದುವರೆಗೆ ಯಾರೇ ಬೆಳ್ಳಿ ತಂದುಕೊಟ್ಟರೂ ಭಾರತದ ಟಂಕಸಾಲೆಗಳು ಅದನ್ನು ರೂಪಾಯಿ ಮಾಡಿ ಕೊಡುತ್ತಿದ್ದವು. ಬೆಳ್ಳಿಯ ಬೆಲೆ ಇಳಿದು ರೂಪಾಯಿಯೂ ಜತೆಗೇ ಇಳಿಯತೊಡಗಿದಾಗ, ಹರ್ಷೆಲ್ ಸಮಿತಿಯ ಸಲಹೆಯಂತೆ 1893ರ ಜೂನ್ 26ರಂದು ಆ ಬಾಗಿಲನ್ನು ಮುಚ್ಚಲಾಯಿತು. ಜಗತ್ತಿನ ಬೆಳ್ಳಿಗೆ ಇದ್ದ ಅತಿ ದೊಡ್ಡ ಗಿರಾಕಿ ಹೀಗೆ ಹಿಂದೆ ಸರಿದದ್ದರಿಂದ ಬೆಲೆ ಕೆಲವೇ ದಿನಗಳಲ್ಲಿ ನೆಲ ಕಚ್ಚಿತು. ಮೊದಲೇ ಬ್ಯಾಂಕುಗಳು ಮುಳುಗುತ್ತಿದ್ದ ಅಮೆರಿಕದಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ನವೆಂಬರ್ ಹೊತ್ತಿಗೆ ಶರ್ಮನ್ ಕಾಯ್ದೆಯ ಖರೀದಿಯನ್ನು ರದ್ದು ಮಾಡಿಸಿದರು. ಕಾರ್ಸನ್ ಸಿಟಿಯಲ್ಲಿ ನಾಣ್ಯದ ಅಚ್ಚು ಅದೇ ವರ್ಷ ಶಾಶ್ವತವಾಗಿ ನಿಂತಿತು. ಆ ಕಟ್ಟಡ ಈಗ ನೆವಾಡಾ ರಾಜ್ಯದ ವಸ್ತುಸಂಗ್ರಹಾಲಯ. ಸ್ಯಾನ್ ಫ್ರಾನ್ಸಿಸ್ಕೊ 1893ರಲ್ಲಿ ಒತ್ತಿದ್ದು ಒಂದೇ ಲಕ್ಷ ಡಾಲರ್. ಇಂದು ಮಾರ್ಗನ್ ಸರಣಿಯಲ್ಲಿ 1893-ಎಸ್ ಎಲ್ಲರೂ ಕನವರಿಸುವ ನಾಣ್ಯ. ಸವೆದು ನುಣುಪಾದದ್ದಕ್ಕೂ ಸಾವಿರಾರು ಡಾಲರ್ ಬೆಲೆ. ಅಪೂರ್ವ ಸ್ಥಿತಿಯ ಒಂದು ನಾಣ್ಯ 2021ರಲ್ಲಿ 20 ಲಕ್ಷ ಡಾಲರ್ ದಾಟಿತು.

ಬೆಳ್ಳಿಯ ಸಂಗ್ರಹ ಮುಗಿದು 1904ರಲ್ಲಿ ಅಚ್ಚು ನಿಂತಿತು. ಮುಂದೆ ಬಂದದ್ದು ಮಹಾಕರಗು. ಮೊದಲ ಮಹಾಯುದ್ಧದಲ್ಲಿ ಭಾರತ ಮಿತ್ರಪಕ್ಷಗಳಿಗೆ ಧಾನ್ಯ, ಸೆಣಬು, ತೊಗಲುಗಳನ್ನು ಭಾರಿ ಪ್ರಮಾಣದಲ್ಲಿ ಕಳಿಸಿತು. ಅದರ ಹಣ ಇಲ್ಲಿ ರೂಪಾಯಿಯಲ್ಲೇ ಸಲ್ಲಬೇಕು. ಸರ್ಕಾರ ನೋಟು ಅಚ್ಚು ಹಾಕಿತು. 1917ರ ನವೆಂಬರ್‌ನಲ್ಲಿ ಒಂದು ರೂಪಾಯಿಯ ನೋಟು, 1918ರ ಜನವರಿಯಲ್ಲಿ ಎರಡೂವರೆ ರೂಪಾಯಿಯ ನೋಟು ಬಂದವು. ಆದರೆ ನೋಟು ಕೊಟ್ಟವರಿಗೆಲ್ಲ ಬೆಳ್ಳಿ ರೂಪಾಯಿ ಕೊಡುವುದಾಗಿ ಸರ್ಕಾರ ಮಾತು ಕೊಟ್ಟಿತ್ತು. ಯುದ್ಧದ ಸುದ್ದಿ ಕೆಡುತ್ತಾ ಬಂದಂತೆ ಜನ ನೋಟು ಹಿಡಿದು ಕರೆನ್ಸಿ ಕಚೇರಿಗಳಿಗೆ ಮುಗಿಬಿದ್ದರು, 1918ರ ಬೇಸಿಗೆಯಲ್ಲಿ ಬೆಳ್ಳಿಯ ದಾಸ್ತಾನು ತಳ ಕಂಡಿತು. ಕೊಟ್ಟ ಮಾತು ಮುರಿದರೆ ಯುದ್ಧದ ನಡುವೆ ಭಾರತದಲ್ಲಿ ಏನಾಗಬಹುದೆಂಬ ಹೆದರಿಕೆ ಲಂಡನ್ನಿನ ನಿದ್ದೆ ಕೆಡಿಸಿತು.

ಅಷ್ಟು ಬೆಳ್ಳಿ ಒಟ್ಟಿಗೆ ಇದ್ದದ್ದು ಅಮೆರಿಕದ ನೆಲಮಾಳಿಗೆಯಲ್ಲಿ, ಡಾಲರ್‌ಗಳ ರೂಪದಲ್ಲಿ. ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯ್ದೆ 1918ರ ಏಪ್ರಿಲ್ 23ರಂದು ಜಾರಿಗೆ ಬಂತು. ಮೂವತ್ತೈದು ಕೋಟಿವರೆಗೆ ಡಾಲರ್‌ಗಳನ್ನು ಕರಗಿಸಲು ಅದು ಅನುಮತಿ ಕೊಟ್ಟಿತು. ನಿಜವಾಗಿ ಕರಗಿದ್ದು 27,02,32,722. ಇದರಲ್ಲಿ 25,91,21,554 ನಾಣ್ಯಗಳ ಬೆಳ್ಳಿ ಔನ್ಸಿಗೆ ಒಂದು ಡಾಲರ್‌ನಂತೆ ಬ್ರಿಟನ್‌ಗೆ ಮಾರಾಟವಾಗಿ, ಗಟ್ಟಿಗಳಾಗಿ ಭಾರತದತ್ತ ಹಡಗೇರಿತು. ಉಳಿದದ್ದು ಅಮೆರಿಕದ ಚಿಲ್ಲರೆ ನಾಣ್ಯಕ್ಕೆ ಹೋಯಿತು. ಕರಗಿದವು ಬಹುಪಾಲು ಮಾರ್ಗನ್ ಡಾಲರ್‌ಗಳು. 1904ರವರೆಗೆ ಅಚ್ಚಾಗಿದ್ದ ಮಾರ್ಗನ್‌ಗಳ ಹತ್ತಿರ ಹತ್ತಿರ ಅರ್ಧದಷ್ಟು ಹೀಗೆ ಮಾಯವಾಯಿತು.

ಲೆಕ್ಕವೂ ಅಚ್ಚುಕಟ್ಟಾಗಿ ಕೂಡುತ್ತದೆ. ಆಗಿನ ರೂಪಾಯಿಯಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ, ಡಾಲರ್‌ನಲ್ಲಿ 371.25. ಅಂದರೆ ಒಂದು ಡಾಲರ್ ಕರಗಿದರೆ ಸರಿಯಾಗಿ ಎರಡೂಕಾಲು ರೂಪಾಯಿಯ ಬೆಳ್ಳಿ. ಬ್ರಿಟನ್ ಕೊಂಡ ಒಟ್ಟು ಬೆಳ್ಳಿ ಸುಮಾರು 58 ಕೋಟಿ ರೂಪಾಯಿ ನಾಣ್ಯಕ್ಕೆ ಸಾಕಾಗುವಷ್ಟು. ಮುಂಬಯಿ, ಕಲ್ಕತ್ತದ ಟಂಕಸಾಲೆಗಳಲ್ಲಿ ಅದು ಐದನೇ ಜಾರ್ಜ್ ದೊರೆಯ ತಲೆ ಹೊತ್ತ ರೂಪಾಯಿಯಾಯಿತು. ಮೈಸೂರು ಸಂಸ್ಥಾನಕ್ಕೆ ಆಗ ಸ್ವಂತ ರೂಪಾಯಿ ಇರಲಿಲ್ಲ, ಅಲ್ಲೂ ನಡೆಯುತ್ತಿದ್ದದ್ದು ಬ್ರಿಟಿಷ್ ರೂಪಾಯಿಯೇ. ಕನ್ನಡ ನಾಡಿನ ಹಳೆಯ ಪೆಟ್ಟಿಗೆಗಳಲ್ಲಿ ಸಿಗುವ 1918ರ ಬೆಳ್ಳಿ ರೂಪಾಯಿಯಲ್ಲಿ ಕಾಮ್‌ಸ್ಟಾಕ್ ಗಣಿಯ ಬೆಳ್ಳಿ ಇರಬಾರದೆಂದೇನಿಲ್ಲ.

ಪಿಟ್‌ಮನ್ ಕಾಯ್ದೆಯ ಉತ್ತರಾರ್ಧವನ್ನು ಗಣಿಯವರ ಹಿತ ನೋಡಿ ಬರೆದಿದ್ದರು. ಕರಗಿಸಿದಷ್ಟೇ ಬೆಳ್ಳಿಯನ್ನು ಅಮೆರಿಕದ ಗಣಿಗಳಿಂದಲೇ ಔನ್ಸಿಗೆ ಒಂದು ಡಾಲರ್‌ನಂತೆ ಕೊಂಡು ಮತ್ತೆ ಡಾಲರ್ ಅಚ್ಚು ಹಾಕಬೇಕು. ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದ ಮೇಲೂ ಸರ್ಕಾರ ಆ ದರವನ್ನೇ ಕೊಟ್ಟಿತು. ಮಾರ್ಗನ್‌ನ ಮೂಲ ಅಚ್ಚುಗಳನ್ನು 1910ರಲ್ಲೇ ನಾಶ ಮಾಡಿದ್ದರಿಂದ 1921ರಲ್ಲಿ ಹೊಸದಾಗಿ ಕೊರೆಯಬೇಕಾಯಿತು. ಉಬ್ಬು ತಗ್ಗಿತು, ಚೆಲುವೂ ತಗ್ಗಿತು. ಆ ಒಂದೇ ವರ್ಷ ಮೂರು ಟಂಕಸಾಲೆಗಳಿಂದ 8.6 ಕೋಟಿಗೂ ಹೆಚ್ಚು ಮಾರ್ಗನ್ ಡಾಲರ್ ಹೊರಬಿದ್ದವು. ಹೊಸಬರ ಕೈಗೆ ಮೊದಲು ಬೀಳುವ ನಾಣ್ಯ ಸಾಮಾನ್ಯವಾಗಿ ಇದೇ. ಅದಕ್ಕೆ ಬೆಳ್ಳಿಯ ಬೆಲೆಗಿಂತ ಬಹಳ ಹೆಚ್ಚು ಕೊಟ್ಟವರು ಮೋಸ ಹೋದರೆಂದೇ ಅರ್ಥ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಚಿತ್ರ ಬದಲಾಯಿತು. ಯುದ್ಧ ಮುಗಿದ ನೆನಪಿಗೆ ಶಾಂತಿಯ ನಾಣ್ಯ ಬೇಕೆಂಬ ಒತ್ತಾಯ ನಾಣ್ಯಸಂಗ್ರಾಹಕರಿಂದಲೇ ಬಂದಿತ್ತು. ಇಟಲಿಯಲ್ಲಿ ಹುಟ್ಟಿದ ಶಿಲ್ಪಿ ಆಂಥನಿ ಡಿ ಫ್ರಾನ್ಸಿಸ್ಕಿ ತನ್ನ ಪತ್ನಿ ತೆರೇಸಾಳನ್ನು ನೋಡಿ ಸ್ವಾತಂತ್ರ್ಯದೇವಿಯನ್ನು ರೂಪಿಸಿದ. ಮೊದಲ ನಕ್ಷೆಯಲ್ಲಿ ಹದ್ದು ಮುರಿದ ಕತ್ತಿಯೊಂದನ್ನು ಹಿಡಿದಿತ್ತು. ಮುರಿದ ಕತ್ತಿ ಸೋಲಿನ ಗುರುತು ಎಂದು ಪತ್ರಿಕೆಗಳಲ್ಲಿ ಕೂಗೆದ್ದಿತು. ಕೊನೆ ಗಳಿಗೆಯಲ್ಲಿ ಅದನ್ನು ಕೆರೆದು ತೆಗೆದವನು ಮುದುಕನಾಗಿದ್ದ ಅದೇ ಮಾರ್ಗನ್. 1921ರ ಪೀಸ್ ಡಾಲರ್‌ನ ಉಬ್ಬು ಎತ್ತರ. ಅಚ್ಚುಗಳು ಬೇಗ ಒಡೆದವು, ನಾಣ್ಯಗಳು ಒಂದರ ಮೇಲೊಂದು ನಿಲ್ಲಲಿಲ್ಲ. 1922ರಿಂದ ಉಬ್ಬನ್ನು ತಗ್ಗಿಸಿದರು. ಹತ್ತು ಲಕ್ಷದಷ್ಟು ಅಚ್ಚಾದ ಆ ಮೊದಲ ವರ್ಷದ ಎತ್ತರದ ನಾಣ್ಯವೂ, 3,60,649 ಮಾತ್ರ ಅಚ್ಚಾದ ಫಿಲಡೆಲ್ಫಿಯಾದ 1928ರದೂ ಈ ಸರಣಿಯ ಮುಖ್ಯ ಬೇಟೆಗಳು. ಪೀಸ್ ಡಾಲರ್ 1935ರಲ್ಲಿ ಮುಗಿಯಿತು. 1965ರಲ್ಲಿ ಡೆನ್ವರ್‌ನಲ್ಲಿ 1964ರ ಇಸವಿ ಹಾಕಿ 3,16,076 ಅಚ್ಚು ಹಾಕಿದರಾದರೂ, ಬಿಡುಗಡೆಗೆ ಮೊದಲೇ ಮನಸ್ಸು ಬದಲಿಸಿ ಎಲ್ಲವನ್ನೂ ಕರಗಿಸಿದರು. ಒಂದು ಉಳಿದಿದ್ದರೂ ಅದನ್ನು ಇಟ್ಟುಕೊಳ್ಳುವುದು ಸರ್ಕಾರದ ದೃಷ್ಟಿಯಲ್ಲಿ ಅಕ್ರಮ.

ಎಷ್ಟು ಕರಗಿತು ಎಂಬುದು ತಿಳಿದಿದ್ದರೂ ಯಾವುದು ಕರಗಿತು ಎಂಬುದು ತಿಳಿಯದೆ ಸಂಗ್ರಾಹಕರು ದಶಕಗಟ್ಟಲೆ ಊಹೆಯ ಮೇಲೆ ಬೆಲೆ ಕಟ್ಟಿದರು. ಫಿಲಡೆಲ್ಫಿಯಾದ 1895ರ ಡಾಲರ್ ಇದಕ್ಕೊಂದು ಉದಾಹರಣೆ. ಕಡತದಲ್ಲಿ 12,000 ಸಾಮಾನ್ಯ ನಾಣ್ಯ, 880 ಪ್ರೂಫ್ ಎಂದಿದೆ. ಸಿಕ್ಕಿರುವುದೆಲ್ಲ ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯಗಳು ಮಾತ್ರ. ಆ ಹನ್ನೆರಡು ಸಾವಿರ ಕರಗಿದವು ಎನ್ನುವವರೂ, ಅದು ಬರೀ ಲೆಕ್ಕಪುಸ್ತಕದ ಗೊಂದಲ ಎನ್ನುವವರೂ ಇದ್ದಾರೆ. ನ್ಯೂ ಆರ್ಲಿಯನ್ಸ್‌ನ 1903ರ ಡಾಲರ್‌ದು ತದ್ವಿರುದ್ಧ ಕಥೆ. ಬಳಸದ ಸ್ಥಿತಿಯಲ್ಲಿ ಅದು ಇಲ್ಲವೇ ಇಲ್ಲವೆಂದು ನಂಬಿ 1962ರವರೆಗೆ ಸಾವಿರ ಡಾಲರ್‌ಗೂ ಮೇಲೆ ಬೆಲೆ ಕಟ್ಟುತ್ತಿದ್ದರು. ಆ ವರ್ಷದ ಕೊನೆಗೆ ಖಜಾನೆ ಒಂದು ಹಳೆ ಕೋಣೆಯ ಬೀಗ ತೆಗೆದಾಗ ಚೀಲಗಟ್ಟಲೆ 1903-ಒ ಹೊರಬಂದು, ಬೆಲೆ ಪಾತಾಳಕ್ಕಿಳಿಯಿತು. ಸಾವಿರ ಕೊಟ್ಟು ಕೊಂಡವರ ಪಾಡು ಕೇಳುವುದೇ ಬೇಡ.

ಆ ಘಟನೆ ಜನರಲ್ಲಿ ಹುಚ್ಚೆಬ್ಬಿಸಿತು. ಕಾಗದದ ಬೆಳ್ಳಿನೋಟು ಕೊಟ್ಟು ಮುಖಬೆಲೆಗೇ ಡಾಲರ್ ಚೀಲ ಪಡೆಯುವ ಹಕ್ಕು ಇನ್ನೂ ಇತ್ತು. ಖಜಾನೆಯ ಮುಂದೆ ಸರದಿ ಬೆಳೆಯಿತು. 1964ರ ಮಾರ್ಚ್‌ನಲ್ಲಿ ಕಿಟಕಿ ಮುಚ್ಚುವ ಹೊತ್ತಿಗೆ ಉಳಿದಿದ್ದದ್ದು ಸುಮಾರು 30 ಲಕ್ಷ ನಾಣ್ಯ, ಅದೂ ಬಹುಪಾಲು ಕಾರ್ಸನ್ ಸಿಟಿಯವು. ಇವನ್ನು ಸರ್ಕಾರ 1972ರಿಂದ 1974ರವರೆಗೆ ಮತ್ತು 1980ರಲ್ಲಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಹಾಕಿ ಅಂಚೆಯ ಮೂಲಕ ಮಾರಿತು. 1884ರ ಕಾರ್ಸನ್ ಸಿಟಿ ಡಾಲರ್ ಅಚ್ಚಾದದ್ದು 11.36 ಲಕ್ಷ. ಅದರಲ್ಲಿ ಶೇ. 80ಕ್ಕೂ ಹೆಚ್ಚು ಈ ಮಾರಾಟದಲ್ಲೇ ಸಿಕ್ಕವು. ಅದೇ ಟಂಕಸಾಲೆಯ 1889ರ ಡಾಲರ್ 3.5 ಲಕ್ಷ ಅಚ್ಚಾಗಿದ್ದರೂ ಈ ದಾಸ್ತಾನಿನಲ್ಲಿ ಇರಲೇ ಇಲ್ಲವೆನ್ನಬಹುದು. ಇಂದು ಎರಡರ ಬೆಲೆಗೂ ಅಜಗಜಾಂತರ. ಖಾಸಗಿ ನಿಧಿಗಳೂ ಹೊರಬಂದವು. ಬ್ಯಾಂಕನ್ನು ನಂಬದ ರೀನೋ ನಗರದ ಲವೀರ್ ರೆಡ್‌ಫೀಲ್ಡ್ 1974ರಲ್ಲಿ ತೀರಿಕೊಂಡಾಗ ಮನೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಬೆಳ್ಳಿ ಡಾಲರ್ ಸಿಕ್ಕವು. 1976ರಲ್ಲಿ ಇಡೀ ರಾಶಿ 73 ಲಕ್ಷ ಡಾಲರ್‌ಗೆ ಹೋಯಿತು.

ಸಂಗ್ರಹ ಶುರುಮಾಡುವವರ ಮುಂದೆ ಎರಡು ದಾರಿ ಇವೆ. ಪ್ರತಿ ಚಿತ್ರಕ್ಕೊಂದು ನಾಣ್ಯ ಕೂಡಿಸುವುದು ಅಗ್ಗ, ಬೇಗ ಮುಗಿಯುವಂಥದ್ದು. ಪ್ರತಿ ಇಸವಿ, ಪ್ರತಿ ಊರಿನದನ್ನು ಕೂಡಿಸುವುದು ಆಯುಷ್ಯದ ಕೆಲಸ. ಮಾರ್ಗನ್‌ನಲ್ಲಿ 1889-ಸಿಸಿ, 1893-ಎಸ್, 1895 ಎಂಬ ಮೂರು ಖಾನೆ ಖಾಲಿ ಉಳಿದೇ ಎಷ್ಟೋ ಆಲ್ಬಮ್‌ಗಳು ಮುಂದಿನ ತಲೆಮಾರಿಗೆ ಹೋಗುತ್ತವೆ. ಒಂದೇ ಟಂಕಸಾಲೆ ಹಿಡಿಯುವ ಮಧ್ಯದ ದಾರಿಯೂ ಇದೆ. ಕಾರ್ಸನ್ ಸಿಟಿ ಅದಕ್ಕೆ ಹೇಳಿಮಾಡಿಸಿದ್ದು, 1878ರಿಂದ 1885 ಮತ್ತು 1889ರಿಂದ 1893, ಅಲ್ಲಿಗೆ ಹದಿಮೂರು ಇಸವಿ.

ಬೆಲೆಯ ಇನ್ನೊಂದು ಆಧಾರ ಸ್ಥಿತಿ. ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ತಾಮ್ರದ ಸೆಂಟ್‌ಗಳಿಗೆಂದು ಮಾಡಿದ 1ರಿಂದ 70ರ ಅಂಕಪಟ್ಟಿಯೇ ಇಂದು ಎಲ್ಲ ನಾಣ್ಯಗಳಿಗೂ ಅನ್ವಯ. ಬಳಕೆಯ ಸವೆತವೇ ಇಲ್ಲದವು 60ರಿಂದ ಮೇಲೆ. ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾಗಿ, ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆಹಾಕಿ ಕೊಡುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ 1884ರ ಡಾಲರ್ ಸವೆದ ಸ್ಥಿತಿಯಲ್ಲಿ ಬೇಕಾದಷ್ಟು ಸಿಗುತ್ತದೆ. 32 ಲಕ್ಷ ಅಚ್ಚಾಗಿತ್ತು, ಹೆಚ್ಚಿನವು ಪೇಟೆಯಲ್ಲಿ ಓಡಾಡಿದವು. ಅದೇ ನಾಣ್ಯ ಹೊಚ್ಚಹೊಸದರಂತೆ ಸಿಕ್ಕರೆ ಬೆಲೆ ನೂರಾರು ಪಟ್ಟು. 1881-ಎಸ್ ಇದಕ್ಕೆ ತಿರುಗುಮುರುಗು, ಹೊಳೆಯುವುದೇ ಧಾರಾಳವಾಗಿ ಸಿಗುತ್ತದೆ. ಒಳ್ಳೆಯ ಅಚ್ಚು ಎಂದರೇನೆಂದು ಕಡಿಮೆ ಖರ್ಚಿನಲ್ಲಿ ಕಣ್ಣಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ನಾಣ್ಯವಿಲ್ಲ.

ಅಂಕ ಕೊಡುವವರು ಮೊದಲು ನೋಡುವುದು ಮಾರ್ಗನ್ ದೇವಿಯ ಬರಿಗೆನ್ನೆಯನ್ನು. ಚೀಲದ ಗೀರುಗಳು ಎದ್ದು ಕಾಣುವುದು ಅಲ್ಲಿ. ಅದಾದ ಮೇಲೆ ಹೊಳಪು. ಹೊಸ ಅಚ್ಚಿನ ಒತ್ತಡದಲ್ಲಿ ಲೋಹ ಅಂಚಿನತ್ತ ಹರಿದಾಗ ಮೂಡುವ ಸೂಕ್ಷ್ಮ ಗೆರೆಗಳಿಂದ, ನಾಣ್ಯವನ್ನು ಓರೆಯಾಗಿ ತಿರುಗಿಸಿದಾಗ ಬೆಳಕಿನ ಪಟ್ಟಿಯೊಂದು ಚಕ್ರದಂತೆ ಸುತ್ತುತ್ತದೆ. ಉಜ್ಜಿದರೆ ಆ ಗೆರೆಗಳು ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ. ಹಬ್ಬದ ಹಿಂದಿನ ದಿನ ಬೆಳ್ಳಿ ದೀಪಕ್ಕೆ ವಿಭೂತಿ ಹಚ್ಚಿ ತಿಕ್ಕುವಂತೆ ಹಳೆಯ ಡಾಲರನ್ನು ತಿಕ್ಕಿದವರು ಅದರ ಬೆಲೆಯ ಬಹುಭಾಗವನ್ನು ಬಟ್ಟೆಯಲ್ಲಿ ಒರೆಸಿ ಎಸೆದಂತೆ. ಕಾಲಕ್ರಮದಲ್ಲಿ ಗಂಧಕದ ಸೋಂಕಿನಿಂದ ಕೂಡುವ ನೀಲಿ, ನೇರಳೆ, ಹೊಂಬಣ್ಣದ ಪೊರೆಗೆ ದುಪ್ಪಟ್ಟು ಕೊಡುವವರಿದ್ದಾರೆ. ಅದಕ್ಕಾಗಿಯೇ ರಾಸಾಯನಿಕ ಹಚ್ಚಿ ಬಣ್ಣ ಬರಿಸುವ ಕಸುಬೂ ಹುಟ್ಟಿಕೊಂಡಿದೆ.

ನಕಲಿಗಳು ಎರಡು ಬಗೆ. ಪೂರ್ತಿ ಹೊಸದಾಗಿ ಎರಕ ಹೊಯ್ದ ಅಥವಾ ಒತ್ತಿದ ನಾಣ್ಯಗಳನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. ತೂಕ 26.73 ಗ್ರಾಂಗೆ ಹೊಂದದಿದ್ದರೆ, ಅಯಸ್ಕಾಂತಕ್ಕೆ ಅಂಟಿದರೆ, ಅಲ್ಲಿಗೆ ಮುಗಿಯಿತು. ಒಳ್ಳೆಯ ನಕಲಿ ತೂಕದಲ್ಲೂ ಪಾಸಾದರೆ ನೀರಿನಲ್ಲಿ ತೂಗಿ ಸಾಂದ್ರತೆ ನೋಡುತ್ತಾರೆ. ಶೇ. 90ರ ಬೆಳ್ಳಿಗೆ ಅದು 10.3ರ ಆಸುಪಾಸು ಇರಬೇಕು. ಹೆಚ್ಚು ಅಪಾಯ ನಿಜವಾದ ನಾಣ್ಯವನ್ನೇ ತಿದ್ದಿದ್ದರಲ್ಲಿ. ಫಿಲಡೆಲ್ಫಿಯಾದ 1893ಕ್ಕೆ ‘ಎಸ್’ ಅಂಟಿಸುತ್ತಾರೆ, 1895-ಒ ನಾಣ್ಯದ ‘ಒ’ ಕೆರೆದು ಫಿಲಡೆಲ್ಫಿಯಾದ್ದೆಂದು ಮಾರುತ್ತಾರೆ. ತೂಕ, ಲೋಹ ಎಲ್ಲ ಸರಿಯಾಗಿಯೇ ಇರುತ್ತದೆ. ಇಲ್ಲಿ ಕೈಹಿಡಿಯುವುದು ಅಚ್ಚಿನ ಜ್ಞಾನ. ನಿಜವಾದ 1893-ಎಸ್‌ನಲ್ಲಿ, ದೇವಿಯ ಕಿರೀಟಪಟ್ಟಿಯ ಮೇಲೆ ಬರೆದ ‘ಲಿಬರ್ಟಿ’ಯ ‘ಟಿ’ ಅಕ್ಷರದೊಳಗೆ ಉಬ್ಬಿದ ಓರೆ ಗೆರೆಯೊಂದು ಇರುತ್ತದೆ. ಅದಿಲ್ಲದಿದ್ದರೆ ಮಾತು ಮುಂದುವರಿಸಬೇಕಾಗಿಲ್ಲ.

ಪರಿಣತರೂ ಮೋಸ ಹೋದದ್ದುಂಟು. 1896, 1900, 1902ರ ನ್ಯೂ ಆರ್ಲಿಯನ್ಸ್ ಡಾಲರ್‌ಗಳಲ್ಲಿ ಸಣ್ಣ ‘ಒ’ ಅಕ್ಷರದ ವಿರಳ ಬಗೆಗಳೆಂದು ದಶಕಗಳ ಕಾಲ ಹೆಚ್ಚು ಬೆಲೆಗೆ ಮಾರಿದ ನಾಣ್ಯಗಳು ಹಳೆಯ ಕಾಲದ ಖೋಟಾ ಅಚ್ಚುಗಳು ಎಂದು 2005ರಲ್ಲಿ ಪಿಸಿಜಿಎಸ್ ಘೋಷಿಸಿತು. ನಾಣ್ಯದೊಳಗಿನ ಬೆಳ್ಳಿಯ ಬೆಲೆ ಒಂದು ಡಾಲರ್‌ಗಿಂತ ಬಹಳ ಕೆಳಗಿದ್ದ ಕಾಲದಲ್ಲಿ ನಿಜವಾದ ಬೆಳ್ಳಿಯಲ್ಲೇ ಖೋಟಾ ನಾಣ್ಯ ಹೊಡೆದರೂ ಲಾಭವಿತ್ತು. ಆ ಖೋಟಾಗಳನ್ನೂ ಖೋಟಾ ಎಂದು ತಿಳಿದೇ ಕೊಳ್ಳುವ ಸಂಗ್ರಾಹಕರಿದ್ದಾರೆ.

ಕೊಂಡ ನಾಣ್ಯವನ್ನು ಇಡುವ ಬಗೆ ಸರಳ. ಅಂಚು ಹಿಡಿದು ಎತ್ತಬೇಕು, ಮುಖದ ಮೇಲೆ ಬೆರಳು ತಾಗಬಾರದು. ಪಿವಿಸಿ ಇರುವ ಮೆತ್ತನೆಯ ಪ್ಲಾಸ್ಟಿಕ್ ಚೀಲಗಳು ಕೆಲವೇ ವರ್ಷದಲ್ಲಿ ಹಸಿರು ಜಿಗುಟು ಬಿಟ್ಟು ಬೆಳ್ಳಿಯನ್ನು ಕೆಡಿಸುತ್ತವೆ, ಆದ್ದರಿಂದ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಮೇಲು. ಗಂಧಕ ಇರುವ ಕಾಗದ, ರಬ್ಬರ್, ಉಣ್ಣೆ ಬಟ್ಟೆ ಹತ್ತಿರ ಇಡುವಂತಿಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಇಡುವವರು ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲಕ್ಕೆ ಮುಂಚೆ ಅದನ್ನು ಬದಲಿಸಿಕೊಳ್ಳಬೇಕು.